ಮೂಕಗೋಡೆಯ ಈಚೆಯಿಂದ ಪಿಳ್ಳಜ್ಜಿಗೆ

ಏರುಪೇಟೆ, ಮೂರನೇ ಸಾಲು
ಪೇಟೆ ಬಿಟ್ಟ ಎಪ್ಪತ್ತನಾಲ್ಕನೇ ವರ್ಷ, ನಡುಮಳೆ ತಿಂಗಳ ನಲವತ್ತೊಂದನೇ ತಾರೀಖು

ಬತ್ತಿಪೇಟೆ, ಸ್ಟೌಬತ್ತಿ ಸಂದಿಯ ಪಿಳ್ಳಮ್ಮನವರಿಗೆ, ಅವರ ಮೊಮ್ಮಗನ ಮೊಮ್ಮಗಳು ಸಂಪಂಗಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಓದಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳು ಚಂದ್ರನ ಮಾತನ್ನೂ ಕೇಳುವುದಿಲ್ಲ, ಕ್ಯಾಲೆಂಡರಿನ ಮಾತನ್ನೂ ಕೇಳುವುದಿಲ್ಲ. ಮಳೆ ಹೇಳಿದ ಹಾಗೆ ನಡೆಯುತ್ತದೆ. ಮುಂಮಳೆ, ನಡುಮಳೆ, ಹಿಂಮಳೆ ಎಂದು ವರ್ಷಕ್ಕೆ ಮೂರು ಮಳೆಗಾಲ. ಒಂದು ಮಳೆ ಬಿಡುವ ತನಕ ಅದರ ತಿಂಗಳು ಮುಗಿಯುವ ಹಾಗಿಲ್ಲ. ಸಂಬಳ ಕೊಡುವವರಿಗೆ ಇದರಿಂದ ಬಹಳ ಅನುಕೂಲವಾಗಿದೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವೇ ನಮ್ಮ ಮಕ್ಕಳಿಗೆ ಹಳಗನ್ನಡ. ಅದನ್ನು ನಾನು ನಮ್ಮ ತಾತನ ಬಾಯಿಂದ, ಅಂದರೆ ನಿಮ್ಮ ಮೊಮ್ಮಗ ಅರಸಪ್ಪನ ಬಾಯಿಂದ, ಬೈಗುಳದ ಸಮೇತ ಕಲಿತೆ. ಇನ್ನೊಂದು ಮಾತು. ಈ ಕಾಗದ ತಲುಪುವ ಹೊತ್ತಿಗೆ ನಿಮಗೆ ಮೂವತ್ತೂ ತುಂಬಿರಲಿಕ್ಕಿಲ್ಲ. ಸೊಂಟದ ಮೇಲೆ ಮಗು, ಕೈಯಲ್ಲಿ ಬಿಂದಿಗೆ ಇರಬಹುದು. ನನಗೋ ಐವತ್ತು ಮುಗಿದಿದೆ, ಮಂಡಿನೋವು ಬೇರೆ. ಆದರೂ ವರಸೆಯಲ್ಲಿ ನೀವೇ ಅಜ್ಜಿ, ನಾನೇ ಕೂಸು. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಐವತ್ತು ದಾಟಿದವರಿಗೆ ಒಂದು ಹಿಂಬರಹದ ಹಕ್ಕು ಬರುತ್ತದೆ. ಹಿಂಬರಹವೆಂದರೆ ಹಿಂದಿನವರಿಗೆ ಬರೆಯುವ ಕಾಗದ. ಬರೆದು, ಗಾಜಿನ ಬುರುಡೆಯೊಳಗೆ ಹಾಕಿ ಮೇಣ ಹಚ್ಚಿ, ತೆಪ್ಪದಲ್ಲಿ ಹೋಗಿ ಪೇಟೆ ಇದ್ದ ಜಾಗದಲ್ಲಿ ನೀರಿಗೆ ಬಿಡುತ್ತೇವೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ದೇವರಿಗೆ ಹರಕೆ ಒಪ್ಪಿಸಿದವರು ರಸೀದಿ ಕೇಳುತ್ತಾರೆಯೇ? ಬಹಳ ಜನ ಈ ಹಕ್ಕನ್ನು ಹಿರಿಯರ ಕುಶಲ ವಿಚಾರಿಸಿ ಹಾಳು ಮಾಡಿಕೊಳ್ಳುತ್ತಾರೆ. ನನಗೆ ಒಂದು ಕೆಲಸವಿದೆ. ನನ್ನ ತಂಗಿ ದ್ಯಾವಿಗೆ ಮೂರ್ಛೆ ರೋಗ, ಹೇಳದೆ ಕೇಳದೆ ಬರುತ್ತದೆ. ಅವಳ ಕೋಣೆ ನನ್ನ ಕೋಣೆಯ ಪಕ್ಕದಲ್ಲೇ ಇದೆ, ನಡುವೆ ಒಂದೇ ಗೋಡೆ. ಆದರೆ ಅವಳು ಆಚೆ ಬಿದ್ದು ಒದ್ದಾಡಿದರೂ ಈಚೆ ನನಗೆ ಏನೂ ಕೇಳಿಸುವುದಿಲ್ಲ. ಆ ಗೋಡೆಯನ್ನು ತೆಗೆದು ಸದ್ದು ದಾಟುವಂಥ ಇಟ್ಟಿಗೆ ಗೋಡೆ ಕಟ್ಟಬೇಕೋ ಬೇಡವೋ ಎಂದು ಇವತ್ತು ಸಂಜೆ ನಮ್ಮ ಸಾಲುಸಭೆ ತೀರ್ಮಾನಿಸುತ್ತದೆ. ಗೋಡೆಯ ಎರಡೂ ಕಡೆಯವರು ಹೂಂ ಅನ್ನಬೇಕು, ಹಾಗೆ ನಿಯಮ. ಅದಕ್ಕೆ ಮೊದಲು ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ಆ ಮಾತಿಗೆ ಬರುವ ಮೊದಲು ಸ್ವಲ್ಪ ಹಿಂದೆ ಮುಂದೆ ಹೇಳುತ್ತೇನೆ. ನಾನು ಮೇಷ್ಟ್ರಿಣಿ, ನೇರವಾಗಿ ವಿಷಯಕ್ಕೆ ಬಂದು ಅಭ್ಯಾಸವಿಲ್ಲ.

ನಾನು ಕಲಿಸುವ ಪಾಠಕ್ಕೆ ಊರುಪಾಠ ಎಂದು ಹೆಸರು. ನೀರಿನಡಿಯ ಬತ್ತಿಪೇಟೆಯ ಭೂಗೋಳವನ್ನೂ ಇತಿಹಾಸವನ್ನೂ ಏರುಪೇಟೆಯ ಪ್ರತಿ ಮಗುವೂ ಕಲಿಯಬೇಕು. ನಕ್ಷೆ ಬೇಕಿಲ್ಲ. ಎಡಗೈ ಬಿಚ್ಚಿ ಹಿಡಿಯಿರಿ ಎನ್ನುತ್ತೇನೆ. ಕಿರುಬೆರಳು ಹತ್ತಿ ಸಂದಿ, ಉಂಗುರ ಬೆರಳು ಎಣ್ಣೆ ಸಂದಿ, ನಡುಬೆರಳು ನಿಮ್ಮ ಸ್ಟೌಬತ್ತಿ ಸಂದಿ, ತೋರುಬೆರಳು ಸೀರಿಯಲ್ ಸೆಟ್ ಸಂದಿ, ಹೆಬ್ಬೆರಳು ಮೊಬೈಲಿನವರ ಸಂದಿ. ಐದೂ ಬಂದು ಕೂಡುವ ಅಂಗೈಯ ತಗ್ಗಿಗೆ ಗುಣಿ ಎಂದು ಹೆಸರು. ಅಲ್ಲಿ ನಲ್ಲಿ, ಮಾರಮ್ಮನ ಗುಡಿ, ದರ್ಗಾ, ಇಡ್ಲಿ ಅಂಗಡಿ ಎಲ್ಲವೂ ಒಂದರ ಹೆಗಲಿಗೆ ಇನ್ನೊಂದು ಒರಗಿಕೊಂಡಿದ್ದವು. ಮಣಿಕಟ್ಟಿನ ಜಾಗದಲ್ಲಿ ಹಳೆಯ ಕೆರೆ ಏರಿ. ನಿಮ್ಮ ಸಂದಿ ಯಾಕೆ ಮೂರು ಕಡೆ ಸೊಟ್ಟಗಿದೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಬಿಂದಿಗೆ ತಾಗಿ ಮೊಣಕೈ ತರಚಿದಾಗಲೆಲ್ಲ ಮನೆ ಕಟ್ಟಿದವನನ್ನು ಬೈದಿರುತ್ತೀರಿ. ತಪ್ಪು ಅವನದಲ್ಲ. ಅಲ್ಲಿ ಮುಂಚೆ ಗೌಜಲಕೆರೆ ಇತ್ತು. ಐದು ಕಾಲುವೆ ಬೆರಳುಗಳ ಹಾಗೆ ಬಂದು ಕೆರೆಗೆ ಬೀಳುತ್ತಿದ್ದವು, ಮಣಿಕಟ್ಟಿನ ತೂಬಿನಿಂದ ನೀರು ಆಚೆ ಹೋಗುತ್ತಿತ್ತು. ಕೆರೆ ಒಣಗಿದ ಮೇಲೆ ಜನ ಕಾಲುವೆಯ ಎರಡೂ ದಂಡೆಗೆ ಮನೆ ಕಟ್ಟಿಕೊಂಡರು, ಕಾಲುವೆಯನ್ನೇ ದಾರಿ ಮಾಡಿಕೊಂಡರು. ನೀರು ಎಲ್ಲಿ ಬಳುಕಿತ್ತೋ ದಾರಿಯೂ ಅಲ್ಲಿ ಬಳುಕಿತು. ನೀವು ದಿನವೂ ನಡೆಯುತ್ತಿರುವುದು ನೀರಿನ ಹೆಜ್ಜೆಯ ಮೇಲೆ.

ಇತಿಹಾಸ ಹೇಳುವಾಗ ಮಕ್ಕಳು ಆಕಳಿಸುತ್ತಾರೆ, ಆದರೆ ನನಗೆ ಆ ಭಾಗವೇ ಇಷ್ಟ. ಮೊದಲು ಬಂದವರು ದೇವರ ದೀಪಕ್ಕೆ ಹತ್ತಿ ಬತ್ತಿ ಹೊಸೆಯುತ್ತಿದ್ದರು, ಅದರಿಂದಲೇ ಬತ್ತಿಪೇಟೆ. ಅವರ ಬೆನ್ನಿಗೆ ಎಣ್ಣೆಯವರು ಬಂದರು. ಸೀಮೆಎಣ್ಣೆ ಕಾಲ ಬಂದಾಗ ಹತ್ತಿ ಬಿಟ್ಟು ಸ್ಟೌ ಬತ್ತಿ ಹೆಣೆದರು. ಗ್ಯಾಸ್ ಬಂದು ಸ್ಟೌ ಮೂಲೆ ಸೇರಿದಾಗ, ಬತ್ತಿ ಹೆಣೆಯುತ್ತಿದ್ದ ಕೈಗಳೇ ವೈರು ಹೆಣೆದು ಮದುವೆ ಮನೆಗೆ, ಗಣೇಶನ ಚಪ್ಪರಕ್ಕೆ ಸೀರಿಯಲ್ ಸೆಟ್ ಮಾಡಿದವು. ಆಮೇಲೆ ಮೊಬೈಲು, ಒಡೆದ ಗಾಜು ಬಿಚ್ಚಿ ಬೆಳಕು ಬರುವ ಹಾಗೆ ಮಾಡಿ ಕೊಡುವುದು. ಊರಿಗೆಲ್ಲ ಬೆಳಕು ನಿಮ್ಮಿಂದ ಹೋಗುತ್ತಿತ್ತು, ನಿಮ್ಮ ಸಂದಿಗೆ ಮಾತ್ರ ಬಿಸಿಲು ನಡುಮಧ್ಯಾಹ್ನ ಒಂದು ಗಳಿಗೆ ಬಂದು ಮುಖ ತೋರಿಸಿ ಹೋಗುತ್ತಿತ್ತು. ಅಷ್ಟರಲ್ಲೇ ಹಪ್ಪಳ ಒಣಗಬೇಕು, ಕೂಸಿಗೆ ಬಿಸಿಲು ಕಾಯಿಸಬೇಕು, ಮುದುಕರು ಬೆನ್ನು ಕಾಯಿಸಿಕೊಳ್ಳಬೇಕು. ಮನೆಗೆ ಬೀರು ತಂದರೆ ಎದುರು ಮನೆಯವರ ಬಾಗಿಲು ತೆರೆಸಿ, ಅರ್ಧ ಬೀರನ್ನು ಅವರ ನಡುಮನೆಯೊಳಗೆ ತೂರಿಸಿ, ಅಲ್ಲಿಂದ ತಿರುಗಿಸಿಕೊಂಡು ಬರಬೇಕಿತ್ತಂತೆ. ಅವರು ಊಟಕ್ಕೆ ಕೂತಿದ್ದರೆ ತಟ್ಟೆ ಎತ್ತಿಕೊಂಡು ಏಳಬೇಕು. ತಾತ ಇದನ್ನು ಹೇಳುವಾಗ ನಾನು ನಂಬಿರಲಿಲ್ಲ. ಈಗ ನಾನೇ ಹೇಳುತ್ತೇನೆ, ಮಕ್ಕಳು ನಂಬುವುದಿಲ್ಲ.

ಒಂದೊಂದು ಕೋಣೆಯಲ್ಲಿ ಹತ್ತು ಜನ, ಪಾಳಿಯ ಮೇಲೆ ನಿದ್ದೆ, ಮನೆಗೂ ಮನೆಗೂ ನಡುವೆ ಒಂದೇ ಒಂದು ಇಟ್ಟಿಗೆಯ ಕೂಡುಗೋಡೆ. ಅಂಥ ಕಡೆ ತಟ್ಟು ಎಂಬ ಪದ್ಧತಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತಿದ್ದೇನೆ, ಸರಿಯಾಗಿದೆಯೋ ಇಲ್ಲವೋ ನೋಡಿ. ದೀಪ ಹಚ್ಚುವ ಹೊತ್ತಿಗೆ ಸಂದಿಯ ಮೊದಲ ಮನೆಯವರು ಗೆಣ್ಣಿನಿಂದ ಗೋಡೆ ತಟ್ಟುತ್ತಾರೆ. ಪಕ್ಕದವರು ಕೇಳಿಸಿಕೊಂಡು ತಮ್ಮ ಆಚೆ ಗೋಡೆ ತಟ್ಟುತ್ತಾರೆ. ಹಾಗೆ ಕೊನೆಯ ಮನೆಗೆ ಹೋಗಿ, ಅಲ್ಲಿಂದ ತಿರುಗಿ ಬರುತ್ತದೆ. ತಿರುಗಿ ಬರಲಿಲ್ಲವೆಂದರೆ ಎಲ್ಲೋ ಯಾರಿಗೋ ಏನೋ ಆಗಿದೆ. ಒಲೆಯ ಮೇಲಿದ್ದದ್ದನ್ನು ಇಳಿಸಿ ಹೋಗಿ ನೋಡಬೇಕು. ಸೀಮೆಎಣ್ಣೆ ಕಾಲದಲ್ಲಿ ಒಂದು ಮನೆಗೆ ಬೆಂಕಿ ಬಿದ್ದಾಗಿನಿಂದ ಇದು ಶುರುವಾಯಿತು ಎಂದು ತಾತ ಹೇಳುತ್ತಿದ್ದರು. ಅದಲ್ಲ, ಒಬ್ಬ ಬಾಣಂತಿ ಸತ್ತಾಗಿನಿಂದ ಎಂದು ನಮ್ಮ ಸಾಲಿನ ಕಲೀಮಣ್ಣನ ಮನೆಯವರು ಹೇಳುತ್ತಾರೆ. ಯಾವುದು ನಿಜವೋ ನಿಮಗೇ ಗೊತ್ತು.

ಪೇಟೆ ಹೋದದ್ದು ಹೀಗೆ. ಏರಿಯ ಆಚೆ ದೊಡ್ಡ ಕಟ್ಟಡಗಳು ಎದ್ದವು, ತೂಬು ಯಾವಾಗ ಮುಚ್ಚಿತೋ ಯಾರೂ ಗಮನಿಸಲಿಲ್ಲ. ನೀರಿಗೆ ಬರಲು ಐದು ಬೆರಳು ಹಾಗೇ ಉಳಿದವು, ಹೋಗಲು ಮಣಿಕಟ್ಟು ಇಲ್ಲದಾಯಿತು. ತಾತನಿಗೆ ಇಪ್ಪತ್ತು ವರ್ಷವಾಗಿದ್ದಾಗ, ಮಳೆಗಳು ಮೂರಾದ ಮೊದಲ ವರ್ಷವೇ, ಗುಣಿಯಲ್ಲಿ ನೀರು ಏರತೊಡಗಿತು. ಆ ದಿನ ನಡುಹಗಲಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ತಟ್ಟು ಬಂತು. ನಿಲ್ಲದೆ ಬಂತು. ಐದೂ ಸಂದಿಯ ಜನ ಮಾಳಿಗೆಯಿಂದ ಮಾಳಿಗೆಗೆ ದಾಟಿ, ಮುದುಕರನ್ನು ಬೆನ್ನಿಗೆ ಕಟ್ಟಿಕೊಂಡು ಏರಿ ಹತ್ತಿದರು. ಬದುಕಿದರು. ನಮ್ಮನ್ನು ಉಳಿಸಿದ್ದು ಆ ತೆಳು ಗೋಡೆ, ಪಿಳ್ಳಜ್ಜಿ. ಇದನ್ನು ನೆನಪಿಡಿ, ಯಾಕೆಂದರೆ ಆಮೇಲೆ ನಾವು ಮಾಡಿದ್ದು ನಿಮಗೆ ಅರ್ಥವಾಗುವುದು ಕಷ್ಟ.

ಗುಡ್ಡದ ಮೇಲೆ ಡೇರೆಯಲ್ಲಿದ್ದಾಗ ಅಧಿಕಾರಿಗಳು ಬಂದು, ಹೊಸ ಪೇಟೆ ಕಟ್ಟಿ ಕೊಡುತ್ತೇವೆ, ನಿಮಗೆ ಎಲ್ಲಕ್ಕಿಂತ ಮುಖ್ಯವಾಗಿ ಏನು ಬೇಕು ಎಂದು ಕೇಳಿದರು. ಒಳ್ಳೆಯ ಮನುಷ್ಯರೇ ಇರಬೇಕು, ನಿಜವಾಗಿ ಕೇಳಿದರು. ನೀರು ಕೇಳಬಹುದಿತ್ತು, ಬಿಸಿಲು ಕೇಳಬಹುದಿತ್ತು. ನಮ್ಮ ತಾತ ಎದ್ದು ನಿಂತು, "ಸ್ವಾಮಿ, ಇನ್ನೊಬ್ರ ಕೆಮ್ಮು ನಮ್ಗೆ ಕೇಳಿಸ್ಬಾರ್ದು, ನಮ್ ಜಗಳ ಇನ್ನೊಬ್ರಿಗೆ ಕೇಳಿಸ್ಬಾರ್ದು. ಅಷ್ಟ್ ಮಾಡ್ಕೊಡಿ ಸಾಕು" ಎಂದರಂತೆ. ಡೇರೆಯಲ್ಲಿದ್ದ ಅಷ್ಟೂ ಜನ ಹೌದು ಹೌದು ಎಂದು ಚಪ್ಪಾಳೆ ತಟ್ಟಿದರು. ಮೊದಲ ರಾತ್ರಿಯೂ ಪಕ್ಕದ ಮನೆಗೆ ಕೇಳುವ ಕಡೆ ಮದುವೆಯಾದವರು ಅವರು, ಸತ್ತ ಮಗನಿಗಾಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತವರು. ಅವರು ಬೇರೆ ಏನು ತಾನೇ ಕೇಳಿಯಾರು? ತಲೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ, ಸದ್ದು ದಾಟದ ಗೋಡೆ. ಕೇಳಿದ್ದನ್ನು ಕೊಟ್ಟರು. ನಮ್ಮ ತಾತನ ತಾಯಿ ತನ್ನ ಕೋಣೆಯ ಚಿಲಕ ಒಳಗಿನಿಂದ ಹಾಕಿ, ತೆಗೆದು, ಮತ್ತೆ ಹಾಕಿ, ನೆಲದ ಮೇಲೆ ಕೂತು ಅತ್ತಳಂತೆ. ಅದು ಸಂತೋಷದ ಅಳು. ಅದನ್ನು ತಪ್ಪು ಎನ್ನಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ.

ಹಾಗಾಗಿ ಏರುಪೇಟೆಯಲ್ಲಿ ನಮ್ಮ ಬದುಕು ಹೀಗಿದೆ. ಮದುವೆಯಾದವರಿಗೂ ಬೇರೆ ಬೇರೆ ಕೋಣೆ, ಹತ್ತು ದಾಟಿದ ಮಕ್ಕಳಿಗೂ ಕೋಣೆ. ಕೋಣೆಗಳ ನಡುವೆ ಮೂಕಗೋಡೆ. ಅದನ್ನು ಅಣಬೆ ಬೇರನ್ನು ಒತ್ತಿ ಒಣಗಿಸಿ ಹಲಗೆ ಮಾಡಿ ಕಟ್ಟುತ್ತಾರೆ. ಮುಟ್ಟಿದರೆ ಹಳೆ ಬ್ರೆಡ್ಡಿನ ಹಾಗೆ ಮೆತ್ತಗಿರುತ್ತದೆ, ಎಂಥ ಸದ್ದನ್ನೂ ನುಂಗಿಬಿಡುತ್ತದೆ. ಬೆಳಿಗ್ಗೆ ಸಾಲಿನ ತುದಿಯ ಒಟ್ಟಡುಗೆ ಮನೆಯಿಂದ ಮುದ್ದೆ ಸಾರು ತರುತ್ತೇವೆ. ರಾಗಿ ಇನ್ನೂ ಇದೆ, ಹೆದರಬೇಡಿ. ತಂದು ಅವರವರ ಕೋಣೆಯಲ್ಲಿ ಕೂತು ಉಣ್ಣುತ್ತೇವೆ. ಎದುರಾದರೆ ನಗುತ್ತೇವೆ. ಹಿತವಾದ ಜನ ನಾವು, ಜಗಳಗಳು ಕಡಿಮೆ. ಕರೆಂಟು ಮಳೆಗಾಲದಲ್ಲಿ ಅಳೆದು ಸುರಿದು ಬರುತ್ತದೆ. ಕಾಯಿಲೆಯವರಿಗೆ ಕೈಗಂಟೆ ಎಂಬುದನ್ನು ಕೊಡುತ್ತಾರೆ. ಮಣಿಕಟ್ಟಿಗೆ ಕಟ್ಟಿಕೊಂಡರೆ, ಬಿದ್ದ ಕೂಡಲೇ ಸಾಲಿನವರಿಗೆಲ್ಲ ಗಂಟೆ ಹೊಡೆಯುತ್ತದೆ. ಚಾರ್ಜು ಇದ್ದರೆ. ದ್ಯಾವಿಯದು ಅವಳು ಕೈ ತೊಳೆಯಲು ಬಗ್ಗಿದರೂ ಹೊಡೆಯುತ್ತಿತ್ತು. ಒಂದು ದಿನ ಸಿಟ್ಟು ಬಂದು ಬಿಚ್ಚಿ ಅಕ್ಕಿ ಡಬ್ಬಿಯೊಳಗೆ ಹಾಕಿದ್ದಾಳೆ. ಅಕ್ಕ ತಂಗಿ ಒಂದೇ ಕೋಣೆಯಲ್ಲಿ ಇರಬಾರದೇ ಎಂದು ನೀವು ಕೇಳಬಹುದು. ಇದ್ದು ನೋಡಿದೆವು. ಒಂದೇ ಮಂಚಕ್ಕೆ ಅಳೆದ ಕೋಣೆ ಅದು. ಸಾಲದ್ದಕ್ಕೆ ಇನ್ನೊಬ್ಬರ ಉಸಿರಿನ ಸದ್ದಿಗೆ ನಿದ್ದೆ ಬರದ ಜನ ನಾವು. ಎರಡು ವಾರಕ್ಕೆ ಅವಳು ಹಾಸಿಗೆ ಸುತ್ತಿಕೊಂಡು ಹೋದಳು, ನಾನು ತಡೆಯಲಿಲ್ಲ.

ತಟ್ಟು ಏನಾಯಿತು ಎಂದು ಕೇಳುತ್ತೀರೇನೋ. ಇದೆ. ಬಹಳ ಗೌರವದಿಂದ ಇಟ್ಟುಕೊಂಡಿದ್ದೇವೆ. ವರ್ಷಕ್ಕೊಮ್ಮೆ ತಟ್ಟುಹಬ್ಬ ಮಾಡುತ್ತೇವೆ. ಹೊಸ ಬಟ್ಟೆ ಉಟ್ಟು, ಅರಿಸಿನ ಕುಂಕುಮ ಹಚ್ಚಿದ ಗಂಧದ ಕೋಲಿನಿಂದ ಮೂಕಗೋಡೆಯನ್ನು ಮೆಲ್ಲಗೆ ಮುಟ್ಟುತ್ತೇವೆ. ಸದ್ದು ಬರುವುದಿಲ್ಲ. ಅದಕ್ಕೆಂದು ಮೈಕಿನಲ್ಲಿ ಟಕ್ ಟಕ್ ಎಂಬ ಸದ್ದು ಹಾಕುತ್ತಾರೆ. ಆಮೇಲೆ ಸಿಹಿ ಹಂಚುತ್ತಾರೆ, ಒಬ್ಬರು ಭಾಷಣ ಮಾಡುತ್ತಾರೆ. ಹೋದ ಸಲ ಭಾಷಣ ನನ್ನದೇ ಇತ್ತು, ಚೆನ್ನಾಗಿತ್ತು ಎಂದರು.

ಹೋದ ಹಿಂಮಳೆಯಲ್ಲಿ ನಮ್ಮ ದೊಡ್ಡಮ್ಮ ಹನುಮಕ್ಕ, ಅಮ್ಮನ ಅಕ್ಕ, ಕೋಣೆಯಲ್ಲಿ ಜಾರಿ ಬಿದ್ದರು. ಸೊಂಟ ಮುರಿದಿತ್ತು. ಕೈಗಂಟೆ ಚಾರ್ಜಿಲ್ಲದೆ ಮೊಳೆಗೆ ನೇತಾಡುತ್ತಿತ್ತು. ಮಳೆ ಜೋರಾಗಿದ್ದರಿಂದ ಯಾರೂ ಆಚೆ ಬಂದಿರಲಿಲ್ಲ. ಒಟ್ಟಡುಗೆ ಮನೆಯವರೇ ಬುತ್ತಿಯನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಬಾಗಿಲಲ್ಲಿ ಮುಟ್ಟದ ಬುತ್ತಿಗಳು ಸಾಲಾಗಿ ಕೂತಿರುವುದನ್ನು ಕಂಡು ದ್ಯಾವಿಯೇ ಕೂಗಿ ಜನ ಸೇರಿಸಿದಳು. ಬಾಗಿಲು ಒಡೆದಾಗ ದೊಡ್ಡಮ್ಮ ಗೋಡೆಯ ಬುಡದಲ್ಲಿ ಮಲಗಿದ್ದರು, ಉಸಿರು ನಿಂತಿತ್ತು. ನೆಲದಿಂದ ಒಂದು ಮೊಳದೆತ್ತರದಲ್ಲಿ ಅಣಬೆ ಹಲಗೆ ಗುಳಿ ಬಿದ್ದಿತ್ತು. ಮುಷ್ಟಿಯಿಂದ ತಟ್ಟಿ ತಟ್ಟಿ ಆದ ಗುಳಿ, ಒಳಗೆ ಒಂದು ನಿಂಬೆಹಣ್ಣು ಇಡಬಹುದು. ಆ ಗೋಡೆಯ ಆಚೆ ಇದ್ದದ್ದು ಕಲೀಮಣ್ಣ, ನಮ್ಮ ಸಾಲಿನ ಹಿರಿಯರು. ಅವರು ದಿನಾ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತು ಉಣ್ಣುತ್ತಿದ್ದರು. "ನನ್ ಬೆನ್ನಿಗೆ ಏನೂ ತಿಳೀಲಿಲ್ವಲ್ಲಮ್ಮ ಸಂಪಂಗಿ" ಎಂದು ಆ ಮನುಷ್ಯ ನನ್ನ ಮುಂದೆ ನಿಂತು ಮಗುವಿನ ಹಾಗೆ ಅತ್ತರು. ದೊಡ್ಡಮ್ಮ ಹಬ್ಬದಲ್ಲಿ ನನ್ನ ಭಾಷಣ ಕೇಳಿ ಬೆನ್ನು ತಟ್ಟಿದ್ದರು.

ಅದಾದ ಮೇಲೆ ಕೆಳಸಾಲಿನವರು ಪರೀಕ್ಷೆಗೆಂದು ಮೂಕಗೋಡೆ ಕಿತ್ತು ಇಟ್ಟಿಗೆ ಗೋಡೆ ಕಟ್ಟಿಕೊಂಡರು. ದೀಪ ಹಚ್ಚುವ ಹೊತ್ತಿಗೆ ನಿಜವಾದ ತಟ್ಟು ಶುರುವಾಯಿತು. ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಕೇಳಿಸಿದೆ. ಪಾಠ ಬಿಟ್ಟು ನಾನೂ ಅವರ ಜೊತೆ ಗೋಡೆಗೆ ಕಿವಿಯಿಟ್ಟೆ. ಆದರೆ ಒಂದು ತಿಂಗಳಾಗುವಷ್ಟರಲ್ಲಿ ಎಲ್ಲ ಕೆಟ್ಟಿತು. ಒಬ್ಬಳು ಗಂಡನಿಗೆ ಬೈದದ್ದು ಮರುದಿನ ನಲ್ಲಿಯ ಹತ್ತಿರ ಹಾಡಾಯಿತು. ಒಬ್ಬ ಹುಡುಗ ನಿದ್ದೆಯಲ್ಲಿ ಕನವರಿಸಿದ ಹೆಸರನ್ನು ಇಡೀ ಸಾಲು ಕರೆದು ರೇಗಿಸಿತು. ಅಳುವುದು ಕೇಳಿದರೆ ಕರುಣೆ ತೋರಿಸಲು ಐದಾರು ಜನ ಬಾಗಿಲಿಗೇ ಬಂದು, ಯಾಕಮ್ಮ ಅಳ್ತಿದ್ದೆ, ಏನಾಯ್ತು ಎಂದು ಪ್ರಶ್ನೆ ಕೇಳಿದರು. ಅದು ಎಲ್ಲಕ್ಕಿಂತ ಕೆಟ್ಟದ್ದು. ಮಳೆ ಮುಗಿಯುವ ಮೊದಲೇ ಜನ ಹೋಗಿ ಅಣಬೆ ಹಲಗೆ ತಂದು ಒಳಗಿನಿಂದ ಹೊಡೆದುಕೊಂಡರು. ಊರುಪಾಠದ ಪುಸ್ತಕದಲ್ಲಿದ್ದ ಹಾಗೆಯೇ ಎಲ್ಲ ಮಾಡಿದ್ದೆವು, ಗೆಣ್ಣು ಯಾವುದು, ಹೊತ್ತು ಯಾವುದು, ಒಂದೂ ಬಿಟ್ಟಿರಲಿಲ್ಲ. ಏನು ತಪ್ಪಿತು ಎಂದು ನನಗೆ ಹೊಳೆಯಲಿಲ್ಲ.

ಆಮೇಲೆ ತಾತ ಹೇಳುತ್ತಿದ್ದ ಒಂದು ಸಂಗತಿ ನೆನಪಾಯಿತು. ಇದು ನಿಮ್ಮ ಮುದಿವಯಸ್ಸಿನಲ್ಲಿ ನಡೆಯುವಂಥದ್ದು, ನಿಮಗೆ ಇನ್ನೂ ನಡೆದಿಲ್ಲ. ನಿಮ್ಮ ಪಕ್ಕದ ಮನೆಗೆ ಜೈಬುನ್ನಿ ಎಂಬ ಹುಡುಗಿ ಸೊಸೆಯಾಗಿ ಬರುತ್ತಾಳೆ. ನಮ್ಮ ಕಲೀಮಣ್ಣನಿಗೆ ಅಜ್ಜಿಯಾಗಬೇಕು. ಒಂದು ರಂಜಾನ್ ತಿಂಗಳು ಪೂರ್ತಿ ಅವಳು ಗೋಡೆಯಾಚೆ ಅಳುತ್ತಾಳೆ. ನಿಮಗೆ ಎಲ್ಲವೂ ಕೇಳಿಸುತ್ತದೆ. ನೀವು ಯಾರಿಗೂ ಹೇಳುವುದಿಲ್ಲ, ಅವಳನ್ನೂ ಏನೆಂದು ವಿಚಾರಿಸುವುದಿಲ್ಲ. ಅಳು ಜೋರಾದಾಗ ಗೋಡೆ ತಟ್ಟಿ, "ಜೈಬೂ, ಒಂದ್ ಚೂರು ಉಪ್ಪಿದ್ರೆ ಕೊಡಮ್ಮಿ" ಎನ್ನುತ್ತೀರಿ. ಅವಳು ಮುಖ ತೊಳೆದುಕೊಂಡು ಉಪ್ಪು ಹಿಡಿದು ಆಚೆ ಬರುತ್ತಾಳೆ. ಬಂದವಳನ್ನು ಕೂರಿಸಿಕೊಂಡು ಬೇರೆ ಏನೇನೋ ಮಾತಾಡುತ್ತೀರಿ, ಸೊಪ್ಪು ಬಿಡಿಸಲು ಕೊಡುತ್ತೀರಿ. ಮೊಮ್ಮಗನಾಗಿ ಅದನ್ನೆಲ್ಲ ನೋಡುತ್ತಿದ್ದ ತಾತ, ನಮ್ಮ ಮನೆ ಗೂಡಿನ ತುಂಬ ಬಟ್ಟಲು ಬಟ್ಟಲು ಉಪ್ಪು ಇತ್ತು, ಅಜ್ಜಿಗೆ ಮರೆವಿನ ಕಾಯಿಲೆ ಎಂದುಕೊಂಡಿದ್ದೆ ಎನ್ನುತ್ತಿದ್ದರು. ಅವಳು ಯಾಕೆ ಅಳುತ್ತಿದ್ದಳು ಎಂಬುದು ಅವರಿಗೆ ಕೊನೆಯ ತನಕ ಗೊತ್ತಾಗಲಿಲ್ಲ. ನೀವು ಬಾಯಿ ಬಿಡಲಿಲ್ಲ.

ನಾವು ಕಳೆದುಕೊಂಡದ್ದು ಇದನ್ನು. ತಟ್ಟುವುದನ್ನು ಕಾಪಾಡಿಕೊಂಡೆವು, ಯಾಕೆಂದರೆ ಅದು ಸದ್ದು ಮಾಡುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಕಿವಿಗೆ ಬಿದ್ದದ್ದನ್ನು ಒಳಗೇ ಇಟ್ಟುಕೊಂಡು ಬೆಳಗಾದರೆ ಏನೂ ಆಗಿಲ್ಲವೆಂಬಂತೆ ಮುಖ ನೋಡುವ ವಿದ್ಯೆ ಸದ್ದು ಮಾಡಲಿಲ್ಲ. ಅದನ್ನು ಬಲ್ಲವರು ಅದರ ಬಗ್ಗೆ ಮಾತಾಡಲಿಲ್ಲ, ಮಾತಾಡದಿರುವುದೇ ಆ ವಿದ್ಯೆ. ಐದು ಸಂದಿಯ ಜನ ಆ ಇಕ್ಕಟ್ಟಿನಲ್ಲಿ ಒಬ್ಬರನ್ನೊಬ್ಬರು ಕೊಂದುಕೊಳ್ಳದೆ ಬದುಕಿದ್ದು ಅದರಿಂದ. ನನ್ನ ಊರುಪಾಠದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ಸೊಟ್ಟ ಸಂದಿಗಳನ್ನೆಲ್ಲ ಬಾಯಿಪಾಠ ಮಾಡಿಸಿ, ಜನ ಹೇಗಿದ್ದರು ಎಂಬುದನ್ನು ಬಿಟ್ಟೇಬಿಟ್ಟೆವು. ನನಗೆ ಅದಕ್ಕಾಗಿ ಬಹಳ ದುಃಖವಿದೆ, ಅಜ್ಜಿ.

ಈಗ ದ್ಯಾವಿಯ ವಿಷಯ. ದೊಡ್ಡಮ್ಮ ಹೋದಾಗಿನಿಂದ ನನಗೆ ನಿದ್ದೆಯಿಲ್ಲ. ಎದ್ದೆದ್ದು ಹೋಗಿ ಅವಳ ಬಾಗಿಲು ತಟ್ಟುತ್ತೇನೆ, ಅವಳು ಬೈಯುತ್ತಾಳೆ. ಗೋಡೆ ಬದಲಾಯಿಸೋಣ ಎಂದರೆ ಒಪ್ಪಲಿಲ್ಲ. "ಬೇಡ ಕಣಕ್ಕ. ಬಿದ್ದಾಗ ನನ್ ಬಾಯಿಂದ ಎಂಥೆಂಥಾ ಸದ್ದು ಬರತ್ತೋ ನನಗೇ ಗೊತ್ತಿಲ್ಲ. ಅದನ್ನ ನೀನು ಕೇಳಿ, ಬೆಳಿಗ್ಗೆ ನನ್ ಮುಖ ನೋಡೋದು ಬೇಡ" ಎಂದಳು. ತಿಂಗಳುಗಟ್ಟಲೆ ಬೇಡಿದೆ. ಕಲೀಮಣ್ಣ ಬಂದು ಕೈ ಮುಗಿದರು. ನಿನ್ನೆ ಬೆಳಿಗ್ಗೆ ಮುದ್ದೆ ತರಲು ಹೋಗುವಾಗ ದ್ಯಾವಿ ದಾರಿಯಲ್ಲಿ ನಿಂತು ಇದ್ದಕ್ಕಿದ್ದಂತೆ, "ಆಯ್ತು, ನಾನು ಹೂಂ ಅಂತೀನಿ. ಆದ್ರೆ ಗೋಡೆ ಒಂದೇ ಕಡೆಗೆ ಕೇಳ್ಸಲ್ಲ ಅಲ್ವಾ? ನಿನ್ ಕಡೇದೂ ನನಗೆ ಕೇಳತ್ತೆ. ಅದಕ್ಕೆ ನೀನು ತಯಾರಾಗಿದ್ದೀಯಾ?" ಎಂದಳು. ಅದರಲ್ಲೇನಿದೆ ಎಂದು ನಕ್ಕುಬಿಟ್ಟೆ. ಕೋಣೆಗೆ ಬಂದು ಕೂತ ಮೇಲೆ ನಗು ಹೋಯಿತು.

ನಿಮಗೆ ಹೇಳಬಹುದು, ನೀವು ಯಾರಿಗೂ ಹೇಳುವವರಲ್ಲ. ಅವಳಿಗೆ ಮೂರ್ಛೆ ಬಂದ ದಿನ ನಾನು ಎಲ್ಲವನ್ನೂ ಮಾಡುತ್ತೇನೆ. ಬಾಯಿ ಒರೆಸುತ್ತೇನೆ, ಬಟ್ಟೆ ಬದಲಾಯಿಸುತ್ತೇನೆ, ಗಂಜಿ ಕುಡಿಸಿ ಮಲಗಿಸಿ, ತಲೆ ಸವರಿ ಬರುತ್ತೇನೆ. 'ಅಕ್ಕ ಇಲ್ಲದಿದ್ದರೆ ನಾನಿಲ್ಲ' ಎಂದು ಅವಳು ಸಾಲಿನವರ ಮುಂದೆಲ್ಲ ಹೇಳುತ್ತಾಳೆ. ಆಮೇಲೆ ನನ್ನ ಕೋಣೆಗೆ ಬಂದು ಚಿಲಕ ಹಾಕಿಕೊಂಡು ಗಟ್ಟಿಯಾಗಿ ಬೈಯುತ್ತೇನೆ. ಇವಳಿಂದ ನನ್ನ ಬಾಳೇ ಹೋಯಿತು, ಎಲ್ಲಿಗೂ ಹೋಗುವ ಹಾಗಿಲ್ಲ, ಇನ್ನೆಷ್ಟು ವರ್ಷ ಇದು, ನನಗೇ ಯಾಕೆ ಎನ್ನುತ್ತೇನೆ. ಇದಕ್ಕಿಂತ ಕೆಟ್ಟ ಮಾತೂ ಬರುತ್ತದೆ, ಅದನ್ನು ಬರೆಯಲಾರೆ. ಬೈದು ಮುಗಿದ ಮೇಲೆ ಮೈ ಹಗುರಾಗುತ್ತದೆ, ಬೆಳಿಗ್ಗೆ ಮತ್ತೆ ಅವಳ ಮೇಲೆ ಪ್ರೀತಿ ಉಕ್ಕುತ್ತದೆ. ಪ್ರೀತಿ ಸುಳ್ಳಲ್ಲ, ಬೈಗುಳವೂ ಸುಳ್ಳಲ್ಲ. ಇಷ್ಟು ವರ್ಷ ಆ ಅಣಬೆ ಹಲಗೆ ನನ್ನ ಮಾತನ್ನೂ ನುಂಗಿಕೊಂಡು ನನ್ನನ್ನು ಒಳ್ಳೆಯ ಅಕ್ಕನಾಗಿ ಇಟ್ಟಿತ್ತು.

ಹಾಗಾಗಿ ನಾನು ಕೇಳಬೇಕಾಗಿರುವುದು ಇಷ್ಟು. ಗೋಡೆಯಾಚೆ ನಿಮ್ಮವರೇ ನಿಮ್ಮ ಬಗ್ಗೆ ಆಡಿದ ಮಾತು ನಿಮ್ಮ ಕಿವಿಗೆ ಬಿದ್ದ ದಿನ ನೀವು ಏನು ಮಾಡಿದಿರಿ? ಮರುದಿನ ಅವರ ಮುಂದೆ ಹೇಗೆ ನಿಂತಿರಿ? ಅದು ಒಳಗೆ ಕೊಳೆಯದ ಹಾಗೆ ಎಲ್ಲಿ ಇಟ್ಟಿರಿ? ಕೇಳಿಸಿಕೊಂಡವರು ಬದುಕುವುದು ಹೇಗೆ, ಆಡಿದವರು ಬದುಕುವುದು ಹೇಗೆ? ನಿಮಗೆ ಇದು ದಿನನಿತ್ಯದ ಸಂಗತಿ, ಹೇಳುವಂಥದ್ದೇನಿದೆ ಅನ್ನಿಸಬಹುದು. ದಯವಿಟ್ಟು ಹೇಳಿ. ಬರೆಯಬೇಕಿಲ್ಲ. ಸೊಪ್ಪು ಬಿಡಿಸುವಾಗ ಮಗಳಿಗೆ ಹೇಳಿ, ತಲೆ ಬಾಚುವಾಗ ಮೊಮ್ಮಗನಿಗೆ ಹೇಳಿ. ಅರಸಪ್ಪ ಎಂಬ ಆ ಮೊಮ್ಮಗನ ಕಿವಿಗೆ ಬಿದ್ದರೆ ನನ್ನ ತನಕ ಬಂದ ಹಾಗೆಯೇ, ಅವರು ಒಂದನ್ನೂ ಮರೆಯುವವರಲ್ಲ. ಅವರು ನನಗೆ ಹೇಳಲಿಲ್ಲ ಎಂದರೆ ನೀವು ಅವರಿಗೆ ಹೇಳಲಿಲ್ಲ ಎಂದೇ ಅರ್ಥ, ಅಷ್ಟು ತರ್ಕ ನನಗೂ ಗೊತ್ತಿದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ. ಇನ್ನೂ ಒಂದು ಮಾತು, ಮುಂದೆ ಎಂದಾದರೂ ಯಾರಾದರೂ ಬಂದು ನಿಮ್ಮ ಮಕ್ಕಳನ್ನು ಏನು ಬೇಕು ಎಂದು ಕೇಳಿದರೆ, ಬೇಸತ್ತ ದಿನ ಉತ್ತರ ಕೊಡಬೇಡಿ ಎಂದು ಅವರಿಗೆ ಹೇಳಿ.

ಸಭೆಗೆ ಕರೆಯುತ್ತಿದ್ದಾರೆ. ದ್ಯಾವಿ ಆಗಲೇ ಕೊಡೆ ಹಿಡಿದು ಹೊರಟಳು, ನನ್ನ ಕಡೆ ತಿರುಗಿ ನೋಡಲಿಲ್ಲ. ನಾನೂ ಹೋಗಿ ಹೂಂ ಅನ್ನುತ್ತೇನೆ. ದೊಡ್ಡಮ್ಮನ ಕೋಣೆಯ ಆ ಗುಳಿ ನೋಡಿದ ಮೇಲೆ ಬೇರೆ ಉತ್ತರವಿಲ್ಲ. ಕಲೀಮಣ್ಣ ನಾಳೆ ಬೆಳಿಗ್ಗೆಯೇ ಗಾರೆಯವರನ್ನು ಕರೆಸುತ್ತಾರೆ. ಇವತ್ತೊಂದು ರಾತ್ರಿ ಮೂಕಗೋಡೆ ಇರುತ್ತದೆ. ಆಡುವುದನ್ನೆಲ್ಲ ಇವತ್ತೇ ಗಟ್ಟಿಯಾಗಿ ಆಡಿ ಮುಗಿಸಿಬಿಡೋಣ ಎಂದುಕೊಂಡೆ. ಆಚೆ ಕೋಣೆಯಲ್ಲಿ ಕೂತು ಅವಳೂ ಇವತ್ತು ನನ್ನ ಬಗ್ಗೆ ಅದನ್ನೇ ಮಾಡುತ್ತಾಳೆ ಎಂದು ಈಗ ತಾನೇ ಹೊಳೆಯಿತು, ಅಜ್ಜಿ.

ನಿಮ್ಮ ಸಂದಿಯ ಕೂಸು,
ಸಂಪಂಗಿ